ಬೋರ್ಡ್ ಹೊಡೆದ ಮೇಲೂ ಸ್ಟಡ್‌ಗೆ ಅಡ್ಡಪಟ್ಟಿ ಬೇಕಾ?

ಉಕ್ಕಿನ ತಗಡಿನ ಚೌಕಟ್ಟಿನ ಗೋಡೆಯಲ್ಲಿ ಸಾಲಾಗಿ ನಿಲ್ಲಿಸುವ ತೆಳು ಕಂಬವೇ ಸ್ಟಡ್. ಸ್ಟಡ್‌ಗಳನ್ನು ಅಡ್ಡಲಾಗಿ ಒಂದಕ್ಕೊಂದು ಹಿಡಿದಿಡುವುದು ಅಡ್ಡಪಟ್ಟಿ, ಅವುಗಳ ಮೇಲೆ ಹೊದಿಸುವುದು ಬೋರ್ಡ್.

ಪರ: ಬೇಕೇ ಬೇಕು

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಯಾವುದಾದರೂ ಫ್ಯಾಬ್ರಿಕೇಶನ್ ಶೆಡ್‌ಗೆ ಹೋಗಿ, 10 ಅಡಿಯ ಒಂದು ಸ್ಟಡ್ ಕೈಗೆ ತೆಗೆದುಕೊಳ್ಳಿ. ತಗಡು 1 ಮಿಲಿಮೀಟರ್ ಆಸುಪಾಸು, ಒಂದು ಬದಿ ತೆರೆದ ಸಿ ಆಕಾರ. ಇಬ್ಬರು ಎರಡು ತುದಿ ಹಿಡಿದು ತಿರುಚಿದರೆ ಸಲೀಸಾಗಿ ತಿರುಗುತ್ತದೆ. ತಗಡಿನ ಗೋಡೆಯ ತೊಂದರೆ ಇದೇ. ಮೇಲಿನ ಭಾರ ಜಾಸ್ತಿಯಾದರೆ ಸ್ಟಡ್ ಜಜ್ಜಿಹೋಗುವ ಮೊದಲೇ ಗೋಡೆಯ ಉದ್ದಕ್ಕೆ ಬಾಗುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ. ನಟ್ಟನಡುವೆ ಒಂದು ಕಡೆ ಬಿಗಿಯಾಗಿ ಹಿಡಿದರೆ ಬಾಗುವ ಉದ್ದ ಅರ್ಧಕ್ಕಿಳಿಯುತ್ತದೆ. ಕಂಬ ಎಷ್ಟು ಭಾರಕ್ಕೆ ಬಾಗುತ್ತದೆ ಎಂದು ಹೇಳುವ ಆಯ್ಲರ್ ಸೂತ್ರದ ಪ್ರಕಾರ ಆ ದಿಕ್ಕಿಗೆ ಬಾಗಿಸಲು 4 ಪಟ್ಟು ಭಾರ ಬೇಕು. ಒಂದೇ ಸಾಲು ಪಟ್ಟಿಯಿಂದ ಇಷ್ಟು ಲಾಭ!

ಬೋರ್ಡ್ ಇದೆಯಲ್ಲ ಅಂತೀರಿ. ಅದು ಬರುವುದು ಯಾವಾಗ? ಚೌಕಟ್ಟು ನಿಂತು, ಮೇಲಿನ ಮಹಡಿ ಕೂತು, ವೈರಿಂಗ್ ಮುಗಿದ ಮೇಲೆ. ಅಷ್ಟರಲ್ಲಿ ಮೇಲೆ ಸಿಮೆಂಟ್ ಚೀಲಗಳನ್ನು ಏರಿಸಿಯಾಗಿರುತ್ತದೆ. ಆಗ ಸ್ಟಡ್‌ಗೆ ಆಸರೆ ಯಾರು? ಇನ್ನು ನಮ್ಮೂರಿನ ಮಳೆ ಗೊತ್ತೇ ಇದೆ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಚೆನ್ನಾಗಿ ನೆನೆದ ಜಿಪ್ಸಮ್ ಬೋರ್ಡನ್ನು ಸ್ಕ್ರೂ ಸುತ್ತ ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಇಳಿಯುತ್ತದೆ. ಅದನ್ನೇ ನಂಬಿ ಒಂದು ಮಹಡಿ ಹೊರಿಸಲು ನನಗೆ ಮನಸ್ಸು ಬರುವುದಿಲ್ಲ. ಮನೆಯವರು ನಾಳೆ ಒಂದು ಬದಿಯ ಬೋರ್ಡ್ ಕಿತ್ತು ಕಪಾಟು ಮಾಡಿಸಿದರೂ ಸ್ಟಡ್ ನಿಲ್ಲಬೇಕು, ಅಲ್ವಾ?

ವಿರೋಧ: ಎಲ್ಲ ಕಡೆ ಬೇಡ

ಪಟ್ಟಿ ಒಂದೆರಡು ಕಡೆ ಹಿಡಿಯುತ್ತದೆ, ಬೋರ್ಡ್ ಸ್ಟಡ್‌ನ ಉದ್ದಕ್ಕೂ ಹಿಡಿಯುತ್ತದೆ. ಎರಡೂ ಬದಿಗೆ ಪ್ಲೈವುಡ್ ಅಥವಾ ಸಿಮೆಂಟ್ ಬೋರ್ಡ್ ಕೂರಿಸಿ ಸರಿಯಾದ ಅಂತರದಲ್ಲಿ ಸ್ಕ್ರೂ ಹೊಡೆದರೆ ಸ್ಟಡ್ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಅಮೆರಿಕದ ಉಕ್ಕು ಉದ್ಯಮದ ಸಂಸ್ಥೆ ಎಐಎಸ್‌ಐ ರೂಪಿಸಿದ ನಿಯಮಗಳು ಬೋರ್ಡ್ ಆಸರೆಯ ವಿನ್ಯಾಸವನ್ನು ಒಪ್ಪುತ್ತವೆ. ಬೋರ್ಡ್ ಇಲ್ಲದಾಗಲೂ ಸ್ಟಡ್ ಒಂದಿಷ್ಟು ಭಾರ ತಡೆಯುತ್ತದೆಯೇ ಎಂಬ ಲೆಕ್ಕವನ್ನೂ ಮಾಡಿಸುತ್ತವೆ. ಕೆಲಸ ನಡೆಯುವಷ್ಟು ದಿನ ತಾತ್ಕಾಲಿಕ ಆಸರೆ ಕೊಟ್ಟರಾಯಿತು. ಟಿಳಕವಾಡಿಯ ಯಾವುದೋ ಆಫೀಸಿನಲ್ಲಿ ತನ್ನ ಭಾರ ಮಾತ್ರ ಹೊರುವ ಅಡ್ಡಗೋಡೆಗೆ, ಎರಡೂ ಬದಿ ಬೋರ್ಡ್ ಇರುವಾಗ, ಪಟ್ಟಿ ಸುಮ್ನೆ ಖರ್ಚು.

ನನ್ನ ಭಯ ಬೇರೆಯೇ ಇದೆ. ಚಪ್ಪಟೆ ಪಟ್ಟಿ ಎಳೆತವನ್ನಷ್ಟೇ ತಡೆಯುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ಸಾಲಿನ ಸ್ಟಡ್‌ಗಳೆಲ್ಲ ಒಂದೇ ಕಡೆ ವಾಲಿದರೆ ಪಟ್ಟಿಯೂ ಅವುಗಳ ಜೊತೆಗೇ ಹೋಗುತ್ತದೆ. ಅದಕ್ಕೇ ನಡುನಡುವೆ ಗಟ್ಟಿ ಅಡ್ಡತುಂಡು, ತುದಿಯಲ್ಲಿ ಭದ್ರ ಬಿಗಿತ ಬೇಕು. ತುದಿ ಬಿಗಿಯದ ಒಂದು ಸಾಲನ್ನು ನಾನೇ ತಳ್ಳಿ ನೋಡಿದ್ದೇನೆ. ಎಂಟೂ ಸ್ಟಡ್ ಒಟ್ಟಿಗೆ ಅಲುಗಿದವು. ನಕ್ಷೆಯಲ್ಲಿ ಪಟ್ಟಿ ಇತ್ತು, ಗೋಡೆಯಲ್ಲೂ ಇತ್ತು, ಹಿಡಿತ ಮಾತ್ರ ಇರಲಿಲ್ಲ. ಆಮೇಲೆ ಸ್ವಿಚ್ ಬಾಕ್ಸ್‌ಗೆ ಅಡ್ಡ ಬಂತು ಅಂತ ಎಲೆಕ್ಟ್ರಿಷಿಯನ್ ಒಂದು ಪಟ್ಟಿ ಕತ್ತರಿಸುತ್ತಾನೆ, ಮರುದಿನ ಅದರ ಮೇಲೆ ಬೋರ್ಡ್ ಬೀಳುತ್ತದೆ. ಯಾರಿಗೂ ಕಾಣುವುದಿಲ್ಲ. ಬೋರ್ಡಿನ ಸ್ಕ್ರೂಗಳನ್ನಾದರೆ ಪುಟ್ಟಿ ಹಚ್ಚುವವರೆಗೂ ಒಂದೊಂದಾಗಿ ಎಣಿಸಬಹುದು.