ಬಳ್ಳಾರಿಯಲ್ಲಿ ಕಿತ್ತಳೆ ವೈನು, ಮಿರ್ಚಿಗೆ ನಿಷೇಧ

ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಜನ ಮಜ್ಜಿಗೆ ಕುಡಿಯುತ್ತಾರೆ. ದುಡ್ಡಿದ್ದವರು ಈಗ ಏಸಿ ಹಾಲ್‌ನಲ್ಲಿ ಕೂತು ವೈನ್ ಟೇಸ್ಟ್ ಮಾಡುತ್ತಾರೆ. ಕುಡಿಯೋದು ಬೇರೆ, ಟೇಸ್ಟ್ ಮಾಡೋದು ಬೇರೆ. ಕುಡಿದವನಿಗೆ ಮನೆಯಲ್ಲಿ ಬೈಗುಳ, ಟೇಸ್ಟ್ ಮಾಡಿದವನಿಗೆ ವಾಟ್ಸ್ಆ್ಯಪ್ ಸ್ಟೇಟಸ್.

ಮೊನ್ನೆ ಇಂಥದೊಂದು ಕೂಟ ನಮ್ಮೂರಲ್ಲೂ ನಡೆಯಿತು. ಅದಿರು ಲಾರಿಗಳ ಧಣಿಗಳು, ಜೀನ್ಸ್ ಹೊಲಿಸುವವರು, ರಸ್ತೆ ಕಾಂಟ್ರಾಕ್ಟರುಗಳು, ಒಬ್ಬ ಪುಢಾರಿ, ಅವರ ಪಿಎ, ಜೊತೆಗೆ ಪುಕ್ಕಟೆ ಅಂದರೆ ಎಲ್ಲಿಗೂ ಹೋಗುವ ನಾನು. ಬೆಂಗಳೂರಿನಿಂದ ಬಂದಿದ್ದ ವೈನ್ ಪಂಡಿತರು ಮೊದಲೇ ಹೇಳಿಬಿಟ್ಟರು, ಕೆಂಪು ವೈನಿನ ಕಾಲ ಮುಗೀತು. ಯಾರೂ ಕೇಳದ ಊರಿನ ಬಿಳಿ ವೈನೇ ಈಗ ಗತ್ತು.

ಮೊದಲು ಬಂದದ್ದು ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ. ಅಲ್ಲಿ ಜ್ವಾಲಾಮುಖಿಯ ಬೂದಿ ನೆಲ, ಗಾಳಿ ಜೋರು. ಹಾಗಾಗಿ ಬಳ್ಳಿಯನ್ನೇ ಬುಟ್ಟಿಯಾಗಿ ಹೆಣೆದು ನೆಲಕ್ಕಂಟಿಸಿ ಬೆಳೆಸುತ್ತಾರಂತೆ. "ಒದ್ದೆ ಕಲ್ಲಿನ ವಾಸನೆ ಬರ್ತಾ ಇದೆಯಾ ನೋಡಿ" ಅಂದರು ಪಂಡಿತರು. ಎಲ್ಲರ ಮೂಗೂ ಗ್ಲಾಸಿನೊಳಗೆ ಇಳಿಯಿತು. ಬಂತು ಬಂತು ಅಂದರು. ಊರ ನಡುವೆಯೇ ಕಲ್ಲುಗುಡ್ಡ ಇಟ್ಟುಕೊಂಡವರು ನಾವು, ಕಲ್ಲಿಗೆ ಬರ ಇಲ್ಲ. ಒದ್ದೆ ಮಾಡೋಕೆ ನಲ್ಲಿಯಲ್ಲಿ ದಿನಾ ನೀರು ಬರಬೇಕಲ್ಲ!

ಎರಡನೆಯದು ಫ್ರಾನ್ಸಿನ ಜೂರಾ ಸೀಮೆಯದು, ವ್ಯಾಂ ಜೋನ್. ಆರು ವರ್ಷಕ್ಕೂ ಮೇಲೆ ಪೀಪಾಯಿಯಲ್ಲಿ ಇಡುತ್ತಾರೆ. ಆವಿಯಾಗಿ ಕಮ್ಮಿಯಾದರೂ ಮೇಲೆ ತುಂಬಿಸುವ ಹಾಗಿಲ್ಲ. ಒಂದು ಲೀಟರ್ ಇಟ್ಟರೆ ಕೊನೆಗೆ ಉಳಿಯೋದು 620 ಎಂಎಲ್ ಅನ್ನೋ ಲೆಕ್ಕ, ಬಾಟಲಿಯೂ ಅಷ್ಟರದ್ದೇ. ಇಡೀ ಸಂಜೆಯಲ್ಲಿ ಸಭೆಗೆ ಸಲೀಸಾಗಿ ಅರ್ಥವಾದ ವಿಷಯ ಇದೊಂದೇ. "ಅಷ್ಟು ಆವಿಯಾಗೋಕೆ ಆರು ವರ್ಷ ಯಾಕ್ರೀ ಬೇಕು?" ಅಂತ ಒಬ್ಬ ಕಾಂಟ್ರಾಕ್ಟರು ನಿಜವಾಗಿಯೂ ಆಶ್ಚರ್ಯಪಟ್ಟರು. "ನಮ್ಮಲ್ಲಿ ವರ್ಕ್ ಆರ್ಡರ್ ಕೈಗೆ ಬರೋದ್ರೊಳಗೆ ಆಗಿರ್ತದೆ."

ಆಮೇಲೆ ಬಂತು ಕಿತ್ತಳೆ ವೈನು. ಇದರಲ್ಲಿ ಕಿತ್ತಳೆ ಹಣ್ಣು ಇಲ್ಲ. ಬಿಳಿ ದ್ರಾಕ್ಷಿಯನ್ನೇ ಸಿಪ್ಪೆ, ಬೀಜ ಸಮೇತ ಕೊಳೆಹಾಕಿ ಬಣ್ಣ ಬರಿಸೋದು. ನಮ್ಮೆದುರು ಇದ್ದದ್ದು ಜಾರ್ಜಿಯಾದ ಕಾಖೆತಿಯದು, ದ್ರಾಕ್ಷಿ ರ್ಕಾಟ್ಸಿಟೆಲಿ. ಕ್ವೆವ್ರಿ ಅನ್ನೋ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ನೆಲದಲ್ಲಿ ಹೂತು, ಒಳಗೆ ಜೇನುಮೇಣ ಸವರಿ, ಅದರಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಆ ದೇಶದಲ್ಲಿ ಸುಮಾರು 8,000 ವರ್ಷ ಹಳೆಯ ಗಡಿಗೆ ಚೂರುಗಳಲ್ಲಿ ವೈನಿನ ಗುರುತು ಸಿಕ್ಕಿದೆ. 2013ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಹಳ್ಳಿಯ ಮನೆಮನೆಯಲ್ಲಿ ರೈತರು ಮಾಡಿಕೊಳ್ಳೋದು ಅದು. ಬಳ್ಳಾರಿಗೆ ಬರುವಷ್ಟರಲ್ಲಿ ಧಣಿಗಳ ಪಾನೀಯ ಆಗಿತ್ತು.

ನಾಲಗೆಗೆ ಮಾಗದ ನೇರಳೆ ತಿಕ್ಕಿದ ಹಾಗೆ ಒಗರು. ಎಲ್ಲರ ಮುಖ ಕಿವುಚಿತು. ಕಿವುಚಿಕೊಂಡೇ "ಸೂಪರ್" ಅಂದರು. ಗ್ಲಾಸಿನಲ್ಲಿ ಸ್ವಲ್ಪ ಮಡ್ಡಿಯೂ ಇತ್ತು. ಹಾಲಿನವನು ಇಷ್ಟು ಮಡ್ಡಿ ತಂದಿದ್ದರೆ ಇದೇ ಜನ ಅವನ ಕ್ಯಾನು ಬೀದಿಗೆ ಎಸೀತಿದ್ದರು.

ಪ್ರತಿ ಟೇಬಲ್ಲಿಗೂ ಒಂದು ಸ್ಟೀಲ್ ಪಾತ್ರೆ ಇಟ್ಟಿದ್ದರು. ರುಚಿ ನೋಡಿ ಅದರಲ್ಲಿ ಉಗುಳಬೇಕಂತೆ. ಹೊರಗೆ ಮೆಟ್ಟಿಲ ಮೂಲೆಯಲ್ಲಿ "ಇಲ್ಲಿ ಉಗುಳಬೇಡಿ" ಅಂತ ಬೋರ್ಡಿದೆ, ಅದರ ಮೇಲೇ ಗುಟ್ಕಾದ ಕೆಂಪು ಸೋರಿದೆ. ಒಳಗೆ ದಯವಿಟ್ಟು ಉಗುಳಿ ಅಂತ ಕೈಮುಗಿದರೂ ಒಬ್ಬರೂ ಉಗುಳಲಿಲ್ಲ. ಅಷ್ಟು ರೇಟಿನದನ್ನು ಯಾರು ಉಗುಳುತ್ತಾರೆ? ಪಾತ್ರೆ ಕೊನೆವರೆಗೂ ಫಳಫಳ ಹೊಳೀತಾ ಇತ್ತು.

ತಿನ್ನೋಕೆ ಚೀಸ್ ತುಂಡು. ಹಲ್ಲುಕಡ್ಡಿ ಚುಚ್ಚಿದ್ದು, ತಲೆಗೆ ಮೂರು. ಮಿರ್ಚಿ ಇಲ್ವಾ ಅಂತ ಒಬ್ಬರು ಕೇಳಿದ್ದಕ್ಕೆ ಪಂಡಿತರು ಬೆಚ್ಚಿದರು. ಖಾರ ಬಿದ್ದರೆ ಆಲ್ಕೋಹಾಲಿನ ಉರಿ ಜಾಸ್ತಿಯಾಗುತ್ತೆ, ಒಗರೂ ಒರಟಾಗುತ್ತೆ ಅಂತ ಕಾರಣ ಕೊಟ್ಟರು. ಮಾತು ಸರಿಯೇ. ಆದರೆ ಬಳ್ಳಾರಿಯಲ್ಲಿ ಸಂಜೆ ಆರರ ಮೇಲೆ ಮಿರ್ಚಿಗೆ ನಿಷೇಧ ಹಾಕಿ ಬದುಕಿದವರುಂಟಾ? ಡ್ರೈವರುಗಳು ಪೇಪರ್ ಪೊಟ್ಟಣ ಹಿಡಿದು ಬಂದೇಬಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದ ಕುಡಿತಿನಿಯಲ್ಲಿ ಕರೆಂಟು ತಯಾರಾಗುತ್ತೆ, ಅದು ಬೇರೆ ವಿಷಯ.

ನಮ್ಮ ಸರ್ಕಾರಕ್ಕೂ ಈ ಟೇಸ್ಟ್ ಹೊಸದಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್. ಕೂಲಿಯವರ ಸಂಸಾರ ಉಳಿಸಬೇಕಿತ್ತು, ಒಳ್ಳೆಯದೇ. ಅದೇ 2007ರಲ್ಲಿ ವೈನ್ ನೀತಿಯೂ ಬಂತು, ವೈನಿಗೆಂದೇ ಮಂಡಳಿಯೂ ಬಂತು. ಕುಡಿಯಬೇಡಿ ಅಂತ ಹೇಳೋಕೆ ಮದ್ಯಪಾನ ಸಂಯಮ ಮಂಡಳಿ ಇದ್ದೇ ಇದೆ. ಈಚಲ ಮರದ ಕೆಳಗೆ ಮಡಕೆ ಹಿಡಿದು ಕೂತವನನ್ನು ಪೊಲೀಸರು ಹಿಡೀತಾರೆ. ಹೊರದೇಶದ ಮಡಕೆಯಿಂದ ಬಂದದ್ದಾದರೆ ಏಸಿ ಹಾಕಿ, ವಂದನಾರ್ಪಣೆ ಮಾಡಿ ಕಳಿಸುತ್ತಾರೆ.

ವಂದನಾರ್ಪಣೆ ನಡೆಯುವಾಗ ಪುಢಾರಿ ನಾಲ್ಕನೇ ಗ್ಲಾಸ್ ಕೆಳಗಿಟ್ಟು ಪಿಎ ಕಡೆ ವಾಲಿದರು. ನಾಳೆ ಬೆಳಿಗ್ಗೆ ವ್ಯಸನಮುಕ್ತಿ ಜಾಥಾಕ್ಕೆ ಅವರೇ ಮುಖ್ಯ ಅತಿಥಿ.

"ಭಾಷಣದಾಗ ಈ ವೈನಿನ ಬಗ್ಗೆ ಏನರ ಹೇಳಬೇಕೇನೋ?"

"ಬ್ಯಾಡ್ರೀ ಸಾಹೇಬ್ರೆ," ಅಂದ ಪಿಎ. "ಅದು ತೋಟಗಾರಿಕೆ ಇಲಾಖೆಗೆ ಬರ್ತದ."