ರಂಗನತಿಟ್ಟಿನ ಬಾವಲಿಗಳು ಕೊಕ್ಕರೆ ಮರಿ ತಿನ್ನುವುದಿಲ್ಲ

ರಂಗನತಿಟ್ಟಿನ ಬಾವಲಿಗಳು ರಾತ್ರಿ ಕೊಕ್ಕರೆ ಗೂಡಿನ ಮೊಟ್ಟೆ, ಮರಿ ತಿಂದುಹಾಕುತ್ತವೆ, ಅವನ್ನು ಓಡಿಸಬೇಕು ಅಂತ ಒಂದು ಮಾತು ಓಡಾಡುತ್ತಿದೆ. ಇದು ಸುಳ್ಳು.

ಅಲ್ಲಿ ತಲೆಕೆಳಗಾಗಿ ನೇತಾಡುವುದು ದೊಡ್ಡ ಹಣ್ಣುಬಾವಲಿ. ಅದರ ರೆಕ್ಕೆಯ ಹರವು 1.2 ಮೀಟರ್ ದಾಟಬಹುದು, ಹಾಗಾಗಿ ಮುಸ್ಸಂಜೆಯಲ್ಲಿ ನೋಡಿದವರಿಗೆ ಭಯವಾಗುವುದು ಸಹಜವೇ. ಆದರೆ ಅದರ ಊಟ ಅತ್ತಿ, ಆಲ, ಮಾವಿನಂಥ ಹಣ್ಣು, ಹೂವಿನ ಮಕರಂದ. ಹಣ್ಣು ಜಗಿದು ರಸ ಕುಡಿದು ಸಿಪ್ಪೆ ಉಗಿಯುತ್ತದೆ ಅಷ್ಟೇ. ಬೇಟೆಯಾಡುವುದು ಕೊಕ್ಕರೆ, ಅದೂ ನೀರಿಗಿಳಿದು, ಅರೆತೆರೆದ ಕೊಕ್ಕು ಆಡಿಸುತ್ತಾ ಮೀನಿಗಾಗಿ. ಬಾವಲಿ ಹಕ್ಕಿಯೂ ಅಲ್ಲ. ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿ ಹೆತ್ತು ಹಾಲೂಡಿಸುತ್ತದೆ. ಪಟಾಕಿ ಹೊಡೆದು ಓಡಿಸಿದರೆ ಆ ನಷ್ಟ ತುಂಬಲು ತುಂಬಾ ವರ್ಷ ಬೇಕು, ಪಕ್ಕದ ಕೊಕ್ಕರೆಗಳೂ ಬೆದರಿ ಗೂಡು ಬಿಟ್ಟೇಳುತ್ತವೆ, ಅಲ್ವಾ? ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.