ಗೋಣು ನೋವೋ, ಕೈ ನೋವೋ?

ಕಳೆದ ಎಂಟು ತಿಂಗಳಲ್ಲಿ ನನ್ನ ವಾಟ್ಸಾಪ್‌ಗೆ ಬಂದ ಎಂಆರ್‌ಐ ಫೋಟೋಗಳನ್ನು ಮೊನ್ನೆ ಎಣಿಸಿದೆ. ಹದಿನಾಲ್ಕು. ಎಲ್ಲವೂ ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ತೆಗೆದವು. ಹಿಂದೆ ಒಣಹಾಕಿದ ಬಟ್ಟೆ, ನೀರಿನ ಟಾಕಿ, ಒಂದರಲ್ಲಿ ಬೆಕ್ಕು ಕೂಡ ಇದೆ. ಕೆಳಗೆ ಹೆಚ್ಚು ಕಡಿಮೆ ಒಂದೇ ಪ್ರಶ್ನೆ: "ಅಣ್ಣಾರ, ನೀವು ಗೋಣಿಗೆ ಹೊಸಾ ಡಿಸ್ಕ್ ಹಾಕಿಸ್ಕೊಂಡೀರಂತ. ನಾನೂ ಹಾಕಸ್ಲೇನು?"

ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಅದಕ್ಕೆ ಇಲ್ಲಿ ಒಮ್ಮೆಗೇ ಬರೆಯುತ್ತಿದ್ದೇನೆ. ಡಿಸ್ಕ್ ಅಂದರೆ ಗೋಣಿನ ಎಲುಬುಗಳ ನಡುವಿನ ಗಾದಿ. ನಾನು ಡಾಕ್ಟರ್ ಅಲ್ಲ. ಗದಗದ ಒಂದು ಪ್ರೆಸ್ಸಿನಲ್ಲಿ 22 ವರ್ಷದಿಂದ ಡಿಟಿಪಿ ಮಾಡುತ್ತ, ಪ್ರೂಫ್ ನೋಡುತ್ತ ಕೂತವನು. ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಸ್ಕ್ರೀನು, ನಡುವೆ ನನ್ನ ಗೋಣು. ಅದು ನೋಯದೆ ಇದ್ದಿದ್ದರೆ ಆಶ್ಚರ್ಯ.

ಆರು ವರ್ಷ ಬರೀ ಗೋಣು ನೋವಿತ್ತು. ಕಾಲರ್ ಬೆಲ್ಟ್ ಹಾಕಿದೆ. ಮುಲಾಮು ಹಚ್ಚಿದೆ. ದಿಂಬು ಬಿಟ್ಟೆ, ಮತ್ತೆ ದಿಂಬು ಹಿಡಿದೆ. ಕಟಿಂಗ್ ಶಾಪಿನಲ್ಲಿ ಕೊನೆಗೆ ತಲೆ ಹಿಡಿದು ಕಟಕ್ ಅಂತ ತಿರುವುತ್ತಾರಲ್ಲ, ಅದಕ್ಕೂ ತಲೆ ಕೊಟ್ಟೆ. (ಇದೊಂದನ್ನು ಮಾತ್ರ ಯಾರೂ ಮಾಡಿಸಬೇಡಿ. ಗೋಣಿನ ಎಲುಬಿನೊಳಗೆ ಮಿದುಳಿಗೆ ಹೋಗುವ ರಕ್ತನಾಳ ಇದೆ. ಜೋರಾಗಿ ತಿರುವಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಬಡಿದದ್ದೂ ಉಂಟು.) ನೋವು ಬರುತ್ತಿತ್ತು, ಹೋಗುತ್ತಿತ್ತು. ದೀಪಾವಳಿಗೆ ಬರುವ ನೆಂಟರ ಹಾಗೆ ನಾಲ್ಕು ದಿನ ಇದ್ದು ಹೊರಡುತ್ತಿತ್ತು.

ಆಮೇಲೆ ಒಂದು ದಿನ ಬೆಳಿಗ್ಗೆ ಬಲಗೈ ಹೆಬ್ಬೆರಳು ಜೋಮು ಹಿಡಿದಂತಾಯಿತು. ಕೈ ಜಾಡಿಸಿದೆ, ಹೋಗಲಿಲ್ಲ. ಎರಡು ದಿನದಲ್ಲಿ ಭುಜದಿಂದ ಹೆಬ್ಬೆರಳು, ತೋರುಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ಸೆಳೆತ. ಪ್ರೂಫ್ ತಿದ್ದುವ ಕೆಂಪು ಪೆನ್ನು ಬೆರಳಿನಿಂದ ಜಾರತೊಡಗಿತು. ರಾತ್ರಿ ನಿದ್ದೆ ಇಲ್ಲ. ಒಂದೇ ಒಂದು ಭಂಗಿಯಲ್ಲಿ ಸ್ವಲ್ಪ ಆರಾಮ ಸಿಗುತ್ತಿತ್ತು: ಕೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ. ಹಾಗೇ ಕೂರುತ್ತಿದ್ದೆ. ನಮ್ಮ ಮನೆಯವಳು ನೋಡಿ ನೋಡಿ, "ಯಾಕ ಹಿಂಗ ತಲಿ ಮ್ಯಾಲ ಕೈ ಹೊತ್ತು ಕುಂತೀರಿ? ಏನ್ ಮುಳುಗೇತಿ ಅಂತ?" ಅಂದಳು. ಮುಂದೆ ಡಾಕ್ಟರ್ ಹೇಳಿದ್ದು ಕೇಳಿ ಇಬ್ಬರೂ ನಕ್ಕೆವು. ಕೈ ತಲೆ ಮೇಲೆ ಇಟ್ಟರೆ ಒತ್ತಿಕೊಂಡ ನರದ ಎಳೆತ ಕಡಿಮೆಯಾಗುತ್ತದಂತೆ. ಅದು ರೋಗ ಪತ್ತೆ ಹಚ್ಚುವ ಗುರುತುಗಳಲ್ಲೇ ಒಂದು.

ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಅಲ್ಲಿ ನನಗಿಂತ ಮೊದಲು ನನ್ನ ಎಂಆರ್‌ಐಯನ್ನು ನೋಡಿದರು. ನಿಜ ಹೇಳಬೇಕೆಂದರೆ ನನ್ನನ್ನು ನೋಡಲೇ ಇಲ್ಲ. ಎರಡು ಕಡೆ ಡಿಸ್ಕ್ ಕೆಟ್ಟಿದೆ, ಎರಡನ್ನೂ ತೆಗೆದು ಕೃತಕ ಡಿಸ್ಕ್ ಹಾಕೋಣ, ಆರು ವರ್ಷದ ಗೋಣು ನೋವು ಪೂರ್ತಿ ಹೋಗುತ್ತೆ ಅಂದರು. ಪ್ಲಾಸ್ಟಿಕ್ಕಿನ ಗೋಣು ತಂದು ಅತ್ತಿತ್ತ ಬಾಗಿಸಿ ತೋರಿಸಿದರು. ಹತ್ತು ನಿಮಿಷ ಆಗಿರಬಹುದು. ನಾನು ಹೂಂ ಅಂತ ಗೋಣು ಹಾಕಿದೆ. ನೋಯುವ ಗೋಣನ್ನು ಅಷ್ಟು ಸಲೀಸಾಗಿ ಯಾಕೆ ಹಾಕಿದೆನೋ ಇವತ್ತಿಗೂ ಗೊತ್ತಿಲ್ಲ. ನೋವಿದ್ದಾಗ ಮನುಷ್ಯ ಯಾವುದಕ್ಕೂ ಹೂಂ ಅನ್ನುತ್ತಾನೆ, ಅಲ್ವಾ?

ಆಪರೇಷನ್ ತಾರೀಕೂ ಗೊತ್ತಾಗಿತ್ತು. ನನ್ನ ಹೆಂಡತಿಯ ಅಣ್ಣ ಬಿಡಲಿಲ್ಲ. ಧಾರವಾಡದಲ್ಲಿ ಇನ್ನೊಬ್ಬರಿಗೆ ತೋರಿಸು ಅಂದ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಹೋದೆವು. ಅದರದೇ ಬೇರೆ ದಾರಿ, ಗಕ್ಕನೆ ಬ್ರೇಕ್ ಹಾಕುವುದು ಕಡಿಮೆ. ಗೋಣು ನೋವಿನವರಿಗೆ ಆ ಬಸ್ಸೇ ಅರ್ಧ ಟ್ರೀಟ್‌ಮೆಂಟ್.

ಧಾರವಾಡದ ಡಾಕ್ಟರ್ ಫಿಲ್ಮಿನ ಕವರನ್ನು ಬಿಚ್ಚದೆ ಪಕ್ಕಕ್ಕಿಟ್ಟರು. ಸಣ್ಣ ಸುತ್ತಿಗೆಯಿಂದ ಮೊಣಕೈ, ಮೊಣಕಾಲು ಬಡಿದರು. ಕೈ ಹಿಡಿದು "ತಳ್ಳ್ರಿ, ಜಗ್ರಿ" ಅಂದರು. ಅಂಗಿಯ ಗುಂಡಿ ಹಾಕಿಸಿದರು, ಗೆರೆಯ ಮೇಲೆ ನಡೆಸಿದರು. ಆಮೇಲೆ ಕೇಳಿದರು: "ನೂರು ರೂಪಾಯಿ ನೋವು ಐತಿ ಅಂತ ತಿಳ್ಕೋರಿ. ಗೋಣಿಗೆ ಎಷ್ಟು, ಕೈಗೆ ಎಷ್ಟು?"

ನಾನು ಲೆಕ್ಕ ಹಾಕಿ, ಈಗ ಕೈಗೆ ಎಂಬತ್ತು, ಗೋಣಿಗೆ ಇಪ್ಪತ್ತು ಅಂದೆ.

"ಆ ಎಂಬತ್ತಕ್ಕ ಆಪರೇಷನ್ ಐತಿ. ಇಪ್ಪತ್ತರ ಜವಾಬ್ದಾರಿ ನಾ ತಗೊಳ್ಳಂಗಿಲ್ಲ."

ನನಗೆ ಹೇಳಬೇಕಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ. ಕೃತಕ ಡಿಸ್ಕಿನ ಆಪರೇಷನ್ ಮುಖ್ಯವಾಗಿ ಗೋಣು ನೋವಿನ ಆಪರೇಷನ್ ಅಲ್ಲ. ಅದು ಒತ್ತಿಕೊಂಡ ನರವನ್ನೋ ಬೆನ್ನುಹುರಿಯನ್ನೋ ಬಿಡಿಸುವ ಆಪರೇಷನ್. ಕೆಟ್ಟ ಡಿಸ್ಕನ್ನು ತೆಗೆದು ನರ ಬಿಡಿಸುತ್ತಾರೆ. ಡಿಸ್ಕ್ ತೆಗೆದ ಮೇಲೆ ಜಾಗ ಖಾಲಿ ಬಿಡುವಂತಿಲ್ಲವಲ್ಲ, ಅದಕ್ಕೆ ಅಲ್ಲಿ ಏನಾದರೂ ಇಡಬೇಕು. ಮೇಲಿನ-ಕೆಳಗಿನ ಎಲುಬು ಒಂದಾಗುವ ಹಾಗೆ ಕೂಡಿಸಬೇಕೋ ಕೃತಕ ಡಿಸ್ಕ್ ಇಡಬೇಕೋ ಅನ್ನುವುದು ಎರಡನೇ ಪ್ರಶ್ನೆ. ನಾವೆಲ್ಲ ಎರಡನೇ ಪ್ರಶ್ನೆಯ ಬಗ್ಗೆಯೇ ಚರ್ಚೆ ಮಾಡುತ್ತೇವೆ. ಮೊದಲನೇ ಪ್ರಶ್ನೆ, ಅಂದರೆ ಅಲ್ಲಿ ನರ ನಿಜವಾಗಿ ಒತ್ತಿಕೊಂಡಿದೆಯಾ, ನನ್ನ ನೋವು ಅದರಿಂದಲೇ ಬಂದದ್ದಾ ಅನ್ನುವುದನ್ನು ಕೇಳುವುದೇ ಇಲ್ಲ.

ಗೋಣಿನಲ್ಲಿ ಏಳು ಮಣಿ ಎಲುಬು. ಮೊದಲ ಎರಡರ ನಡುವೆ ಡಿಸ್ಕ್ ಇಲ್ಲ, ಅಲ್ಲಿಂದ ಕೆಳಗೆ ಪ್ರತಿ ಜೋಡಿಯ ನಡುವೆಯೂ ಗಾದಿಯಂಥ ಡಿಸ್ಕ್. ಹೆಚ್ಚಾಗಿ ಕೆಡುವುದು ಐದು-ಆರರ ನಡುವಿನದು, ಆರು-ಏಳರ ನಡುವಿನದು. ಐದು-ಆರರಲ್ಲಿ ನರ ಒತ್ತಿದರೆ ಹೆಬ್ಬೆರಳಿನ ಕಡೆ ಜೋಮು, ಆರು-ಏಳರಲ್ಲಿ ಒತ್ತಿದರೆ ನಡುಬೆರಳಿನ ಕಡೆ. ನನ್ನದು ಐದು-ಆರು. ಬೆರಳು ಹೇಳುವುದೂ ಫಿಲ್ಮ್ ಹೇಳುವುದೂ ತಾಳೆಯಾದರೆ ಮಾತ್ರ ಆ ಫಿಲ್ಮಿಗೆ ಬೆಲೆ. ಪ್ರೂಫ್ ನೋಡುವವನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮೂಲಪ್ರತಿ ಪಕ್ಕದಲ್ಲಿಲ್ಲದೆ ಪ್ರೂಫ್ ತಿದ್ದಿದರೆ ಸರಿ ಇದ್ದದ್ದೂ ತಪ್ಪಾಗುತ್ತದೆ.

ಫಿಲ್ಮಿನಲ್ಲಿ ಡಿಸ್ಕ್ ಉಬ್ಬಿರುವುದು ಕಂಡ ಮಾತ್ರಕ್ಕೆ ಹೆದರಬೇಡಿ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1211 ಜನರ ಗೋಣಿನ ಎಂಆರ್‌ಐ ತೆಗೆದು 2015ರಲ್ಲಿ ಲೆಕ್ಕ ಪ್ರಕಟಿಸಿದರು. ಶೇ. 87.6 ಜನರಿಗೆ ಡಿಸ್ಕ್ ಉಬ್ಬಿತ್ತು. ಆರಾಮಾಗಿ ಓಡಾಡಿಕೊಂಡಿದ್ದ ಜನ! ನನ್ನ ಎರಡನೇ ಡಿಸ್ಕೂ ಆ ಜಾತಿಯದು. "ಅದು ಫಿಲ್ಮಿನಾಗಷ್ಟ ಕೆಟ್ಟೈತಿ, ಮುಟ್ಟೂದು ಬ್ಯಾಡ" ಅಂದರು ಧಾರವಾಡದವರು. ಮೊದಲನೆಯವರ ಮಾತಿಗೆ ಗೋಣು ಹಾಕಿದ್ದರೆ ಇವತ್ತು ಅದರ ಜಾಗದಲ್ಲೂ ಲೋಹ ಇರುತ್ತಿತ್ತು.

ಒಳ್ಳೆಯ ಡಾಕ್ಟರ್ ಅಂದರೆ ಆಪರೇಷನ್ ಬೇಡ ಅನ್ನುವವರು ಅಂತ ಮಾತ್ರ ತಿಳಿಯಬೇಡಿ. ಇವರೂ ಕೊನೆಗೆ ಮಾಡಿದರು. ಆದರೆ ಮೊದಲು ಆರು ವಾರ ಕಾಯಿಸಿದರು. ಗುಳಿಗೆ, ವ್ಯಾಯಾಮ, ಭಾರ ಎತ್ತುವುದು ಬಂದ್. ಹೊರಗೆ ಜಾರಿದ ಡಿಸ್ಕಿನ ತುಂಡು ಎಷ್ಟೋ ಜನರಲ್ಲಿ ತಾನಾಗಿ ಕುಗ್ಗುತ್ತದೆ, ಬಹಳ ಮಂದಿಯ ಕೈನೋವು ಹಾಗೇ ಇಳಿಯುತ್ತದೆ. ನನ್ನದು ಇಳಿಯಲಿಲ್ಲ. ಮೇಲಿಂದ ಕೈಯ ಶಕ್ತಿಯೂ ಕಡಿಮೆಯಾಗುತ್ತ ಬಂತು. ಚಹಾ ತುಂಬಿದ ಕೆಟಲ್ ಎತ್ತಲು ಎಡಗೈ ಆಸರೆ ಬೇಕಾಯಿತು. ಆಗ, ಇನ್ನು ಕಾಯುವುದು ಬೇಡ ಅಂದರು.

ನಮ್ಮ ಮನೆಯವಳಿಗೆ ಒಂದೇ ಚಿಂತೆ: "ನೋವು ಹಿಂದ ಐತಿ, ಮುಂದಿಂದ ಯಾಕ ಕೊಯ್ತಾರ?" ನನಗೂ ಅದೇ ಅನುಮಾನ ಇತ್ತು. ಹಿಂದಿನಿಂದ ಹೋದರೆ ಡಿಸ್ಕಿಗಿಂತ ಮೊದಲು ಬೆನ್ನುಹುರಿ ಅಡ್ಡ ಬರುತ್ತದೆ. ಮುಂದಿನಿಂದ ಹೋದರೆ ಶ್ವಾಸನಾಳ, ಅನ್ನನಾಳ ಎರಡನ್ನೂ ಪಕ್ಕಕ್ಕೆ ಸರಿಸಿ, ಸ್ನಾಯುಗಳ ನಡುವಿನ ಸಂದಿಯಲ್ಲೇ ನೇರ ಡಿಸ್ಕಿನ ಮುಂದೆ ನಿಲ್ಲಬಹುದು. ಗಂಟಲಿನ ಚರ್ಮದ ಮಡಿಕೆಯಲ್ಲೇ ಗಾಯ. ಈಗ ಹುಡುಕಿದರೂ ಸರಿಯಾಗಿ ಕಾಣುವುದಿಲ್ಲ. ಆದರೆ ಮೊದಲ ವಾರ ನುಂಗುವುದೇ ಕಷ್ಟ. ರೊಟ್ಟಿ ದೂರ, ಮೆತ್ತಗಿನ ಅನ್ನ-ಸಾರೂ ಮುಳ್ಳಿನ ಹಾಗೆ ಇಳಿಯುತ್ತಿತ್ತು. ದನಿ ಗೊಗ್ಗರಾಯಿತು. ಫೋನ್ ಮಾಡಿದವರು ನಮ್ಮಪ್ಪನ ದನಿ ಅಂದುಕೊಂಡರು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಕೆಲವರಿಗೆ ಪೂರ್ತಿ ಸರಿಹೋಗುವುದಿಲ್ಲ.

ಹಾಸಿಗೆಯಲ್ಲಿ ಬಿದ್ದುಕೊಂಡೇ ಈ ಡಿಸ್ಕಿನ ಜಾತಕ ಹುಡುಕಿದೆ. ಮಜಾ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್‌ಗೆ ಎರಡು ಚಿನ್ನ ಗೆದ್ದ ಪೂರ್ವ ಜರ್ಮನಿಯ ಹುಡುಗಿ ಕರಿನ್ ಯಾಂಟ್ಸ್. ಅವರು ಮುಂದೆ ಎಲುಬಿನ ಡಾಕ್ಟರ್ ಆದರು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಜೊತೆಗಾರ ಡಾಕ್ಟರ್ ಶೆಲ್ನಾಕ್ ಜೊತೆ ಸೇರಿ ಸೊಂಟದ ಕೃತಕ ಡಿಸ್ಕ್ ಮಾಡಿದರು. 1984ರಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿದರು. ಬಾಗುವ ಬೆನ್ನಿನ ಬೆಲೆ ಜಿಮ್ನಾಸ್ಟ್‌ಗಿಂತ ಹೆಚ್ಚು ಯಾರಿಗೆ ಗೊತ್ತು! ಗೋಣಿನದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1989ರ ಹೊತ್ತಿಗೆ ಶುರುವಾಯಿತು. ಬ್ರಯನ್ ಕಮಿನ್ಸ್ ಅನ್ನುವ ಸರ್ಜನ್ ಸ್ಟೀಲಿನಲ್ಲಿ ಗುಂಡು-ಬಟ್ಟಲಿನ ಹಾಗೆ ಮಾಡಿಸಿದ್ದರು. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಗೋಣಿನ ಕೃತಕ ಡಿಸ್ಕಿಗೆ ಮೊದಲು ಒಪ್ಪಿಗೆ ಕೊಟ್ಟದ್ದು 2007ರಲ್ಲಿ. ಆಗಲೂ ಅದು ಕೊಟ್ಟದ್ದು ನರ ಅಥವಾ ಬೆನ್ನುಹುರಿ ಒತ್ತಿಕೊಂಡವರಿಗೆ, ಸುಮ್ನೆ ಗೋಣು ನೋಯುವವರಿಗಲ್ಲ. ಮೊದಲನೇ ಆಸ್ಪತ್ರೆಯಲ್ಲಿ ನನಗೆ ಇದರ ತದ್ವಿರುದ್ಧ ಹೇಳಿದ್ದರು.

ಹಳೆಯ ಪದ್ಧತಿ ಎಲುಬು ಕೂಡಿಸುವುದು. ಅದು 1950ರ ದಶಕದಿಂದ ಇದೆ, ಇವತ್ತಿಗೂ ಒಳ್ಳೆಯ ಆಪರೇಷನ್ನೇ. ಕೂಡಿಸಿದ ಕಡೆ ಬಾಗುವುದಿಲ್ಲ, ಹಾಗಾಗಿ ಮೇಲಿನ-ಕೆಳಗಿನ ಡಿಸ್ಕಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ ಅನ್ನುವುದು ಅದರ ಮೇಲಿನ ದೂರು. ಅದಕ್ಕಾಗಿಯೇ ಕೃತಕ ಡಿಸ್ಕ್ ಬಂತು. ಕೃತಕ ಡಿಸ್ಕಿನವರಿಗೆ ಮರು ಆಪರೇಷನ್ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ. ಪಕ್ಕದ ಡಿಸ್ಕ್ ವಯಸ್ಸಿಗೆ ತಾನೇ ಸವೆಯುವುದೂ ಇದೆ, ಎಲ್ಲವನ್ನೂ ಕೂಡಿಸಿದ ಎಲುಬಿನ ಮೇಲೆ ಹೊರಿಸಲಾಗದು. ಇನ್ನು ಕೃತಕ ಡಿಸ್ಕಿನ ಸುತ್ತ ವರ್ಷಗಳು ಹೋದಂತೆ ಎಲುಬು ಬೆಳೆದು ಅದು ಅಲ್ಲಾಡದೆ ಕೂರುವುದೂ ಉಂಟು. ಆಗ ಕೊಟ್ಟ ದುಡ್ಡು ಹೊಸದಕ್ಕೆ, ಸಿಕ್ಕದ್ದು ಹಳೆಯದೇ!

ಎಲ್ಲರಿಗೂ ಅದು ಒಗ್ಗುವುದೂ ಇಲ್ಲ. ಎಲುಬು ಟೊಳ್ಳಾದವರಿಗೆ ಬೇಡ. ಗೋಣಿನ ಹಿಂದಿನ ಕೀಲುಗಳು ಸವೆದವರಿಗೂ ಬೇಡ. ನಮ್ಮ ಬೀಗರೊಬ್ಬರು ಬ್ಯಾಡಗಿಯವರು. ಆಯುಷ್ಯವೆಲ್ಲ ಮೆಣಸಿನಕಾಯಿ ಚೀಲ ಹೊತ್ತ ಹಮಾಲರು. ಅವರ ಕಥೆ ನನ್ನದಕ್ಕಿಂತ ಮುಖ್ಯ. ಅವರಿಗೆ ನೋವೇ ಇರಲಿಲ್ಲ. ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ, ನಡೆದರೆ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಅನಿಸುತ್ತಿತ್ತು. ವಯಸ್ಸಾಯಿತು ಅಂತ ಮನೆಯವರೆಲ್ಲ ಸುಮ್ಮನಿದ್ದರು. ತೋರಿಸಿದಾಗ ಗೊತ್ತಾಯಿತು, ಗೋಣಿನಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿತ್ತು. ಅವರನ್ನು ಆರು ವಾರ ಕಾಯಿಸಲಿಲ್ಲ. ಡಿಸ್ಕ್ ತೆಗೆದು ಎಲುಬು ಕೂಡಿಸಿದರು, ಕೃತಕ ಡಿಸ್ಕಿನ ಮಾತೇ ಬರಲಿಲ್ಲ. ಹೋಗಿದ್ದ ಶಕ್ತಿ ಪೂರ್ತಿ ಮರಳಲಿಲ್ಲ. ತಡವಾಗಿತ್ತು.

ನೋಡಿ, ಆರು ವರ್ಷ ಕೂಗಾಡಿದ ನನ್ನ ಗೋಣು ನೋವಿಗೆ ಕತ್ತರಿ ಬೇಕಿರಲಿಲ್ಲ. ಸದ್ದೇ ಮಾಡದ ಅವರ ಗೋಣಿಗೆ ಬೇಗ ಬೇಕಿತ್ತು. ಕೈ ಬೆರಳಿನ ಸಣ್ಣ ಕೆಲಸ ತಪ್ಪುತ್ತಿದ್ದರೆ, ನಡಿಗೆ ಓಲಾಡುತ್ತಿದ್ದರೆ, ಮೂತ್ರದ ಹಿಡಿತ ಹೋಗುತ್ತಿದ್ದರೆ ಈ ಪೋಸ್ಟ್ ಓದುತ್ತ ಕೂರಬೇಡಿ, ಇವತ್ತೇ ಹೋಗಿ. "ಗೋಣಿಗೆ ಕತ್ತರಿ ಹಚ್ಚಿದರೆ ಹಾಸಿಗಿ ಹಿಡಿತಾರ" ಅಂತ ಹೆದರಿಸುವ ನೆಂಟರ ಮಾತು ಕೇಳಿ ಕೂತವರು ಹಾಸಿಗೆ ಹಿಡಿದದ್ದನ್ನು ನಾನು ಕಂಡಿದ್ದೇನೆ. ಆ ನೆಂಟರ ಮೇಲೂ ನನಗೆ ಸಿಟ್ಟಿದೆ, ಪ್ಲಾಸ್ಟಿಕ್ ಗೋಣು ಆಡಿಸಿ ತಾರೀಕು ಕೊಟ್ಟವರ ಮೇಲೆ ಇರುವಷ್ಟೇ.

ಈಗ ನಾನು ಹೇಗಿದ್ದೇನೆ ಅಂತ ಕೇಳುತ್ತೀರಿ. ಕೈಯ ಸೆಳೆತ ಆಪರೇಷನ್ ಆದ ರಾತ್ರಿಯೇ ಹೋಯಿತು. ಶಕ್ತಿ ಬರಲು ಮೂರು ತಿಂಗಳು ಹಿಡಿಯಿತು. ಹೆಬ್ಬೆರಳಿನ ತುದಿಯ ಜೋಮು ಚೂರು ಉಳಿದಿದೆ. ಗೋಣು ನೋವು? ಇದೆ. ಅದೇ ಇಪ್ಪತ್ತು ರೂಪಾಯಿ. ಬಹುಶಃ ಹದಿನೈದಕ್ಕೆ ಇಳಿದಿರಬಹುದು, ಅದೂ ಸ್ಕ್ರೀನನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿ ಇಟ್ಟಿದ್ದಕ್ಕೆ. ಆ ಇಟ್ಟಿಗೆ ಪ್ರೆಸ್ಸಿನ ಹಿತ್ತಲಿನವು, ಬಿಟ್ಟಿ ಸಿಕ್ಕವು.

ಹೋದ ವಾರ ಚೆಕಪ್‌ಗೆ ಹೋದಾಗ ಗೋಣು ಬಗ್ಗಿಸಿ ಒಂದು, ಎತ್ತಿಸಿ ಒಂದು ಎಕ್ಸ್‌ರೇ ತೆಗೆದರು. ಡಿಸ್ಕ್ ಬಾಗುತ್ತಿದೆ. ಮುಂದಿನ ವರ್ಷ ಮತ್ತೆ ಬನ್ನಿ ಅಂದರು.

ಇನ್ನು ಹದಿನೈದನೇ ಫೋಟೋ ಕಳಿಸಬೇಕೆಂದಿರುವವರಿಗೆ: ಫಿಲ್ಮನ್ನು ಡಾಕ್ಟರಿಗೆ ತೋರಿಸಿ, ಸಾಧ್ಯವಾದರೆ ಇಬ್ಬರಿಗೆ. ಆ ನೂರು ರೂಪಾಯಿ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋಗಿ. ನನಗೆ ಕಳಿಸಬೇಡಿ. ನನಗೆ ಓದಲು ಬರುವುದು ಲಗ್ನಪತ್ರಿಕೆಯ ಪ್ರೂಫ್ ಮಾತ್ರ. ಅದಿದ್ದರೆ ಕಳಿಸಿ, ಈಗ ಪೆನ್ನು ಕೈಯಲ್ಲಿ ನಿಲ್ಲುತ್ತದೆ.